ಕ್ಯಾಮ್ ಆರಿಸಿದ ಬೇಸಿಗೆ

ಮೊನ್ನೆ ಸಂಜೆ ನನ್ನ ಹೆಂಡತಿ ಶಾರದೆಯೂ ನಾನೂ ಡ್ಯಾನ್‌ವಿಲ್‌ನ ಪೇಟೆಬೀದಿ ದಾಟಲು ನಿಂತಿದ್ದೆವು. ಸಿಗ್ನಲ್ಲಿಗೆ ಒಂದು ಹಳೆಯ ಕಾರು ಬಂದು ನಿಂತಿತು. ಉದ್ದ ಮೂತಿ, ಎರಡೇ ಬಾಗಿಲು. ಎಂಜಿನ್ನು ನಿಂತಲ್ಲೇ ತಾಳ ತಪ್ಪಿ ಗುಡುಗುಡು ಎನ್ನುತ್ತ ಇಡೀ ಗಾಡಿಯನ್ನು ನಡುಗಿಸುತ್ತಿತ್ತು. ಪೂರ್ತಿ ಉರಿಯದ ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು. "ಬನ್ನಿ, ದಾಟೋಣ" ಎಂದು ಶಾರದೆ ತೋಳು ಹಿಡಿದು ಎಳೆದಳು. ಆಚೆ ಬದಿಯ ಬೆಂಚಿನ ಮೇಲೆ ಕೂತ ಮೇಲೂ ಆ ವಾಸನೆ ನನ್ನನ್ನು ಬಿಡಲಿಲ್ಲ. ಅದನ್ನು ನಾನು ಎರಡು ಜಾಗಗಳಲ್ಲಿ ತೀರಾ ಹತ್ತಿರದಿಂದ ಮೂಸಿದ್ದೇನೆ. ಒಂದು ಆಪರೇಷನ್ ಥಿಯೇಟರು, ಇನ್ನೊಂದು ನಮ್ಮ ಮನೆಯ ಗರಾಜು. ಎರಡೂ ಒಂದೇ ಬೇಸಿಗೆಯಲ್ಲಿ.

ಅದು ಎಂಬತ್ತರ ದಶಕದ ನಡುವಿನ ಒಂದು ವರ್ಷ. ನಮ್ಮ ಒಬ್ಬಳೇ ಮಗಳು ನಮಿತಾ ಹೈಸ್ಕೂಲು ಮುಗಿಸಿದ್ದಳು. ಸೆಪ್ಟೆಂಬರಿನಲ್ಲಿ ಡೇವಿಸ್ ಎಂಬ ಊರಿಗೆ ಕಾಲೇಜಿಗೆ ಹೋಗುವವಳು. ಜೂನ್ ತಿಂಗಳ ಒಂದು ಮಧ್ಯಾಹ್ನ ಟೋ ಟ್ರಕ್ಕೊಂದು ನಮ್ಮ ಮನೆಯ ಮುಂದೆ ನಿಂತು, ಅರವತ್ತೊಂಬತ್ತರ ಮಾಡೆಲ್ಲಿನ ಒಂದು ಕಾರನ್ನು ಇಳಿಸಿತು. ಒಂದು ಕಾಲಕ್ಕೆ ನೀಲಿ ಇದ್ದಿರಬೇಕು. ದೊಡ್ಡ ವಿ-ಎಯ್ಟ್ ಎಂಜಿನ್ನು, ಆದರೆ ಸ್ಟಾರ್ಟ್ ಮಾಡಿದರೆ ಇಟ್ಟಿಗೆ ಗೂಡಿನ ಹಾಗೆ ಹೊಗೆ. ಅವಳು ಎರಡು ವರ್ಷ ಶನಿವಾರ ಭಾನುವಾರ ಐಸ್‌ಕ್ರೀಮ್ ಅಂಗಡಿಯಲ್ಲಿ ದುಡಿದು ಅದನ್ನು ಕೊಂಡಿದ್ದಳು. ನಮಗೆ ಹೇಳಿರಲಿಲ್ಲವೆಂದಲ್ಲ, ಹೇಳಿದ್ದಳು. ಮಕ್ಕಳ ಮಾತು, ಆಗುವ ಹೋಗುವ ಮಾತಲ್ಲ ಅಂದುಕೊಂಡಿದ್ದೆವು.

"ಎಂತ ಇದು?" ಎಂದೆ. ನಾನು ಉಡುಪಿ ಕಡೆಯವನು. ಗಾಬರಿಯಾದರೆ ನನ್ನ ಕನ್ನಡ ತಾನಾಗಿ ಊರಿಗೆ ಹೋಗುತ್ತದೆ.

"ಇಟ್ಸ್ ಮೈನ್, ಅಪ್ಪಾ. ಎಂಜಿನ್ ಪೂರ್ತಿ ಬಿಚ್ಚಿ ರೀಬಿಲ್ಡ್ ಮಾಡ್ತೀನಿ. ಇದ್ರಲ್ಲೇ ಡೇವಿಸ್‌ಗೆ ಹೋಗ್ತೀನಿ."

ಶಾರದೆ ಮೈಸೂರಿನವಳು, ಯಾವುದಕ್ಕೂ ತಟ್ಟನೆ ಬಾಯಿ ತೆರೆಯುವವಳಲ್ಲ. ಕಾರಿನ ಸುತ್ತ ಒಂದು ಸುತ್ತು ಬಂದು, "ಸೀಟು ಒಗೆಸಬೇಕು" ಎಂದಷ್ಟೇ ಹೇಳಿ ಒಳಗೆ ಹೋದಳು.

ನನ್ನ ಹೆದರಿಕೆಗೆ ಕಾರಣವಿತ್ತು. ನಾನು ಅರಿವಳಿಕೆ ಡಾಕ್ಟರು. ಈಸ್ಟ್ ಬೇಯ ಒಂದು ಆಸ್ಪತ್ರೆಯಲ್ಲಿ, ಅಪಘಾತದ ಗಾಯಾಳುಗಳನ್ನು ಫ್ರೀವೇಯಿಂದ ನೇರ ತರುವ ಕಡೆ, ನನ್ನ ಕೆಲಸ. ಸರ್ಜನ್ನರು ಮುರಿದ ಮೂಳೆಯನ್ನು ನೋಡುತ್ತಾರೆ. ಮುಖವನ್ನು ನೋಡುತ್ತ ಕೂರುವವನು ನಾನು. ಹದಿನೆಂಟು, ಹತ್ತೊಂಬತ್ತರ ಮುಖಗಳನ್ನು ಎಷ್ಟೋ ನೋಡಿದ್ದೆ. ಅದನ್ನು ಮನೆಯಲ್ಲಿ ಯಾವತ್ತೂ ಆಡಿದವನಲ್ಲ.

ಆ ವಾರ ಅವಳ ಶಾಲೆಯಲ್ಲಿ ಕಾರು ರಿಪೇರಿ ಕಲಿಸುವ ಆಟೋ ಶಾಪ್ ಮೇಷ್ಟ್ರನ್ನು ಹುಡುಕಿಕೊಂಡು ಹೋದೆ. ಹೇಗಾದರೂ ಅವರ ಬಾಯಿಂದಲೇ 'ಬೇಡ' ಅನ್ನಿಸುವ ಆಸೆ. ಅವರು ನಕ್ಕುಬಿಟ್ಟರು. ನಮಿತಾ ತಮ್ಮ ಕ್ಲಾಸಿನಲ್ಲಿ ಎಲ್ಲರಿಗಿಂತ ಜಾಗ್ರತೆಯ ಕೈ ಎಂದರು. ಹೊರಡುವಾಗ ಇನ್ನೊಂದು ಮಾತು ಸೇರಿಸಿದರು. "ಪಿಸ್ಟನ್ನು, ಬೇರಿಂಗು, ಗ್ಯಾಸ್ಕೆಟ್ಟು, ಅವೆಲ್ಲ ಬರೀ ರಿಪೇರಿ, ಡಾಕ್ಟರೇ. ಯೋಚಿಸಿ ಆರಿಸಬೇಕಾದದ್ದು ಕ್ಯಾಮ್‌ಶಾಫ್ಟ್ ಒಂದೇ. ಆ ಕಾರು ಎಂಥಾ ಕಾರು ಆಗುತ್ತೆ ಅನ್ನೋದು ಅದರ ಮೇಲೆ."

ನಾನು ಅದನ್ನೇ ಹಿಡಿದುಕೊಂಡೆ. ಮನೆಗೆ ಬಂದು ನಮಿತಾಳಿಗೆ ಹೇಳಿದೆ: "ಆಯ್ತು, ಮಾಡು. ಆದರೆ ಕ್ಯಾಮ್‌ಶಾಫ್ಟ್ ಆರಿಸುವವನು ನಾನು."

ಅವಳು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟಳು. "ಡು ಯು ಈವನ್ ನೋ ವಾಟ್ ಇಟ್ ಈಸ್?"

"ಕಲಿತುಕೊಳ್ಳುತ್ತೇನೆ."

ಗ್ರೀಸಿನ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು. ಆಮೇಲೆ, "ಪ್ರಾಮಿಸ್? ಅದಾದ ಮೇಲೆ ಬೇರೆ ಯಾವುದಕ್ಕೂ ನೋ ಅನ್ನಬಾರ್ದು."

"ಪ್ರಾಮಿಸ್."

ಕಲಿತೆ. ಅದೊಂದು ಉದ್ದನೆಯ ಉಕ್ಕಿನ ಸರಳು, ಎಂಜಿನ್ನಿನ ನಡುವೆ ತಿರುಗುತ್ತಿರುತ್ತದೆ. ಮೈತುಂಬ ಮೊಟ್ಟೆಯಾಕಾರದ ಉಬ್ಬುಗಳು. ಒಂದೊಂದು ಉಬ್ಬು ಒಂದೊಂದು ವಾಲ್ವನ್ನು ತಳ್ಳಿ ತೆರೆಯುತ್ತದೆ. ಉಬ್ಬು ಎತ್ತರವಾಗಿ ಅಗಲವಾಗಿ ಇದ್ದರೆ ವಾಲ್ವು ಹೆಚ್ಚು ಹೊತ್ತು ತೆರೆದಿರುತ್ತದೆ. ಜೋರಾಗಿ ಓಡುವಾಗ ಎಂಜಿನ್ನಿಗೆ ಧಾರಾಳ ಉಸಿರು, ನಿಧಾನಕ್ಕೆ ಹೋಗುವಾಗ ಏದುಸಿರು. ಉಬ್ಬು ಸಣ್ಣದಾದರೆ ಇದರ ತಿರುವುಮುರುವು. ಕ್ಯಾಟಲಾಗಿನಲ್ಲಿ ಇಂಥವು ಪುಟಗಟ್ಟಲೆ ಇದ್ದವು. ನಮಿತಾ ಒಂದಕ್ಕೆ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿಟ್ಟಿದ್ದಳು. ಅದು ದೊಡ್ಡ ಕ್ಯಾಮು. ನಿಂತಲ್ಲೇ ಗುಡುಗುವ ಆ ಸದ್ದು ಬರುವುದು ಅಂಥದರಿಂದಲೇ.

ಒಂದು ಭಾನುವಾರ ಬೆಳಿಗ್ಗೆ ದೋಸೆ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ ಇಬ್ಬರೂ ಕೂತೆವು. ನಾನು ಸಣ್ಣ ಅಕ್ಷರಗಳನ್ನೂ ಓದಿದ್ದೆ. ಔಷಧದ ಡಬ್ಬಿಯ ಸಣ್ಣ ಅಕ್ಷರ ಓದುವುದೇ ನನ್ನ ಉದ್ಯೋಗ.

"ಇಲ್ಲಿ ನೋಡು. ಪವರ್ ಬ್ರೇಕ್ ಇರುವ ಗಾಡಿಗೆ ಇದು ಹೇಳಿದ್ದಲ್ಲ ಅಂತ ಬರೆದಿದ್ದಾರೆ. ನಿನ್ನದರಲ್ಲಿ ಪವರ್ ಬ್ರೇಕ್ ಉಂಟಲ್ಲ?"

"ಹೌದು. ಎಂಜಿನ್ ಎಳೆಯೋ ವ್ಯಾಕ್ಯೂಮ್‌ನಿಂದ ಬ್ರೇಕಿಗೆ ಹೆಲ್ಪ್ ಆಗತ್ತೆ. ಈ ಕ್ಯಾಮ್ ಹಾಕಿದ್ರೆ ವ್ಯಾಕ್ಯೂಮ್ ಕಮ್ಮಿ. ನಾನು ವ್ಯಾಕ್ಯೂಮ್ ಕೂಡಿಡೋಕೆ ಒಂದು ರಿಸರ್ವ್ ಟ್ಯಾಂಕ್ ಹಾಕ್ತೀನಿ. ಎಲ್ಲರೂ ಹಾಕ್ತಾರೆ."

"ಟ್ಯಾಂಕ್ ಖಾಲಿಯಾದರೆ?"

"ಅಪ್ಪಾ..."

"ಇಳಿಜಾರಿನಲ್ಲಿ ಎರಡು ಸಲ ಬ್ರೇಕ್ ಒತ್ತಿ, ಮೂರನೆಯ ಸಲ ಪೆಡಲ್ಲು ಕಲ್ಲಾದರೆ?"

ನಾನು ಪುಟ ಮಗುಚಿ ಪಟ್ಟಿಯ ಮೊದಲನೆಯದಕ್ಕೆ, ಎಲ್ಲಕ್ಕಿಂತ ಸಾಧುವಾದ ಕ್ಯಾಮಿಗೆ, ಬೆರಳಿಟ್ಟೆ. ಅವಳು ಅದನ್ನು ನೋಡಿ ಒಮ್ಮೆ ಕಣ್ಣು ಮುಚ್ಚಿದಳು. "ದಟ್ಸ್ ಫಾರ್ ಅ ಡೆಲಿವರಿ ವ್ಯಾನ್." ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು, "ಫೈನ್. ಆರ್ಡರ್ ಮಾಡ್ತೀನಿ" ಎಂದಳು. ಮಾಡಿದಳು ಕೂಡ. ಪೆಟ್ಟಿಗೆ ಬಂದಾಗ ನನ್ನೆದುರಿಗೇ ಬಿಚ್ಚಿ, ನಂಬರನ್ನು ನನಗೆ ತೋರಿಸಿ, ಗರಾಜಿಗೆ ಒಯ್ದಳು.

ಜುಲೈ ಪೂರ್ತಿ ಮನೆಯಲ್ಲಿ ಮಾತಿಲ್ಲ. ನಮ್ಮ ಕಡೆಯ ಗುಡ್ಡಗಳೆಲ್ಲ ಒಣಗಿ ಸಿಂಹದ ಮೈಬಣ್ಣಕ್ಕೆ ತಿರುಗಿದ್ದವು. ಹುಲ್ಲಿಗೆ ಎಲ್ಲಿ ಕಿಡಿ ಬೀಳುತ್ತದೋ ಎಂದು ಊರೇ ಕಾಯುವ ದಿನಗಳು. ಬೆಟ್ಟದಾಚೆ ಓಕ್‌ಲೆಂಡಿನಲ್ಲಿ ಮಂಜು ಕವಿದು ಜನ ಸ್ವೆಟರ್ ಹಾಕಿಕೊಂಡಿದ್ದರೆ, ನಮ್ಮಲ್ಲಿ ಗರಾಜಿನ ಕಬ್ಬಿಣ ಮುಟ್ಟಿದರೆ ಸುಡುತ್ತಿತ್ತು. ಅವಳು ಹಣೆಗೆ ಕರವಸ್ತ್ರ ಕಟ್ಟಿಕೊಂಡು ಒಂದೊಂದೇ ಬೋಲ್ಟು ಬಿಗಿಯುತ್ತಿದ್ದಳು. ನಾನು ಕೆಲಸದಿಂದ ಬಂದು ಗರಾಜಿನ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅವಳು ರೇಡಿಯೋ ಸದ್ದು ತುಸು ಹೆಚ್ಚಿಸುತ್ತಿದ್ದಳು. ಊಟಕ್ಕೆ ಕೂತರೆ "ಅಮ್ಮಾ, ಅಪ್ಪನ ಹತ್ರ ಕೇಳು, ನಾಳೆ ಅವರಿಗೆ ಮನೆ ಕಾರು ಬೇಕಾ ಅಂತ." ನಾನೂ ಉತ್ತರವನ್ನು ಶಾರದೆಗೇ ಕೊಡುತ್ತಿದ್ದೆ. ಒಂದು ದಿನ ಅವಳು ಸಾರಿನ ಸೌಟನ್ನು ಪಾತ್ರೆಗೆ ಕುಕ್ಕಿ, "ನಾನೇನು ನಿಮ್ಮಿಬ್ಬರ ಪೋಸ್ಟ್‌ಮ್ಯಾನಾ?" ಎಂದಳು.

ಆಗಸ್ಟಿನ ಮೊದಲಲ್ಲಿ ಒಂದು ಮಧ್ಯಾಹ್ನ ಆಸ್ಪತ್ರೆಯಲ್ಲಿ ಕರೆ ಬಂತು. ಬೆಟ್ಟದ ರಸ್ತೆಯ ತಿರುವಿನಲ್ಲಿ ಕಾರೊಂದು ಮರಕ್ಕೆ ಹೊಡೆದಿತ್ತು. ಹುಡುಗನನ್ನು ಮೇಜಿನ ಮೇಲೆ ಮಲಗಿಸಿದಾಗ ಅವನ ಕೂದಲಿನಿಂದ ಪೆಟ್ರೋಲಿನ ವಾಸನೆ ಹೊಡೆಯುತ್ತಿತ್ತು. ನಾನು ತಲೆಯ ಕಡೆ ನಿಂತು ಮಾಸ್ಕ್ ಹಿಡಿಯಲು ಬಗ್ಗಿದೆ. ಮುಖ ಪರಿಚಯದ್ದು. ಬ್ರಯನ್. ನಮಿತಾಳ ಆಟೋ ಶಾಪ್ ಕ್ಲಾಸಿನವನು, ಗ್ರಾಜುಯೇಷನ್ ದಿನ ನಮ್ಮ ಮನೆಯಲ್ಲಿ ಇಡ್ಲಿ ತಿಂದು "ವೆರಿ ಸಾಫ್ಟ್" ಎಂದಿದ್ದವನು. ಅವನಿಗೆ ಪ್ರಜ್ಞೆಯಿತ್ತು. ನನ್ನನ್ನು ಗುರುತಿಸಿದನೋ ಇಲ್ಲವೋ, "ಡೋಂಟ್ ಟೆಲ್ ಮೈ ಮಾಮ್" ಎಂದ. "ಸರಿ ಮಗಾ" ಎಂದೆ, ಕನ್ನಡದಲ್ಲೇ. ಆಮೇಲೆ ಅವನು ನಿದ್ದೆಗೆ ಹೋದ. ಜೀವ ಉಳಿಯಿತು. ಬಲಗಾಲು ಉಳಿಯಲಿಲ್ಲ.

ಬಟ್ಟೆ ಬದಲಾಯಿಸಿ, ಮುಖ ತೊಳೆದು ಮನೆಗೆ ಬಂದೆ. ಇನ್ನೂ ಬಿಸಿಲಿತ್ತು. ಗರಾಜಿಗೆ ಹೋದೆ. ಎಂಜಿನ್ನು ಕಾರಿನೊಳಗೆ ಕೂತಿತ್ತು, ಬಹುತೇಕ ಮುಗಿದಿತ್ತು. ಹೊಸ ಬಣ್ಣ ಹಚ್ಚಿ ಮಿರಿಮಿರಿ ಎನ್ನುತ್ತಿತ್ತು.

"ನಮಿತಾ, ಇದು ಬೇಡ. ಮಾರಿಬಿಡುವ. ನಾನು ಹೊಸ ಕಾರು ತೆಗೆಸಿಕೊಡುತ್ತೇನೆ."

ಅವಳು ಎದ್ದು ನಿಂತಳು. "ಯು ಪ್ರಾಮಿಸ್ಡ್."

"ಪ್ರಾಮಿಸೂ ಇಲ್ಲ, ಎಂತದೂ ಇಲ್ಲ. ಬೇಡ ಅಂದರೆ ಬೇಡ!"

ನನ್ನ ಕೂಗು ಕೇಳಿ ಶಾರದೆ ಓಡಿ ಬಂದಳು. ಅವಳು ನನ್ನ ಪರ ನಿಲ್ಲುತ್ತಾಳೆ ಎಂದೇ ಎಣಿಸಿದ್ದೆ. ಅವಳು ಇಬ್ಬರ ನಡುವೆ ಬಂದು ನಿಂತು ನನ್ನ ಕಡೆಗೇ ತಿರುಗಿದಳು. "ಏನ್ರೀ ಇದು? ಷರತ್ತು ಹಾಕಿದವರು ನೀವು. ಅವಳು ಮಾತು ನಡೆಸಿಕೊಂಡಿದ್ದಾಳೆ. ಈಗ ನೀವು ತಪ್ಪಿದರೆ ನಾಳೆ ಡೇವಿಸ್‌ನಲ್ಲಿ ಏನಾದರೂ ಆದಾಗ ಇವಳು ನಿಮಗೆ ಫೋನ್ ಮಾಡ್ತಾಳಾ?"

ಅಷ್ಟರಲ್ಲಿ ಒಳಗೆ ಫೋನ್ ಹೊಡೆದುಕೊಂಡಿತು. ನಮಿತಾ ಓಡಿಹೋಗಿ ಎತ್ತಿಕೊಂಡಳು, ಯಾರೋ ಗೆಳತಿಯ ಕರೆ. ಗರಾಜಿನ ಬಾಗಿಲಿನಿಂದಲೇ ಅವಳ ಬೆನ್ನು ನಮಗೆ ಕಾಣುತ್ತಿತ್ತು. ಮೊದಲು ಗೋಡೆಗೆ ಒರಗಿದಳು, ಆಮೇಲೆ ಹಾಗೇ ನೆಲಕ್ಕೆ ಕುಸಿದು ಕೂತಳು. ವಾಪಸು ಬಂದಾಗ ಮುಖ ಬಿಳಿಚಿಕೊಂಡಿತ್ತು.

"ಬ್ರಯನ್..." ಎಂದವಳು ನನ್ನ ಮುಖ ನೋಡಿ ನಿಲ್ಲಿಸಿದಳು. "ನೀವು ಅಲ್ಲಿದ್ರಿ. ಅಲ್ವಾ?"

"ಆಸ್ಪತ್ರೆಯ ವಿಷಯ ನಾನು ಹೇಳುವ ಹಾಗಿಲ್ಲ."

"ಅದಕ್ಕೇನಾ ಇದೆಲ್ಲ? ಕ್ಯಾಮ್, ಬ್ರೇಕ್, ಎಲ್ಲ?"

ನಾನು ಎಣ್ಣೆ ಡಬ್ಬದ ಮೇಲೆ ಕೂತೆ. ಇವತ್ತಿನದಲ್ಲ, ಬಹಳ ವರ್ಷಗಳದ್ದು ಎಂದೆ. ಹೆಸರು ಹೇಳದೆ, ಮುಖಗಳ ಬಗ್ಗೆ ಒಂದಿಷ್ಟು ಹೇಳಿದೆ. ಮದುವೆಯಾಗಿ ಇಪ್ಪತ್ತು ವರ್ಷವಾಗಿದ್ದರೂ ಶಾರದೆ ಅದನ್ನು ಕೇಳುತ್ತಿದ್ದದ್ದು ಅದೇ ಮೊದಲು. ನಮಿತಾ ಅಳುತ್ತಿದ್ದಳು, ಆದರೆ ಕಣ್ಣು ನನ್ನಿಂದ ಕೀಳಲಿಲ್ಲ. ಕೊನೆಗೆ ಮೆಲ್ಲಗೆ ಹೇಳಿದಳು, "ಅಪ್ಪಾ, ಬ್ರಯನ್ ಓಡಿಸ್ತಾ ಇದ್ದದ್ದು ಅವರಮ್ಮನ ಸ್ಟೇಷನ್ ವ್ಯಾಗನ್ನು. ಅದರಲ್ಲಿ ಇರೋದು ನೀವು ಆರಿಸಿದಂಥ ಕ್ಯಾಮೇ."

ಶಾರದೆ ಅವಳನ್ನು ಒಳಗೆ ಕರೆದುಕೊಂಡು ಹೋದಳು. ಕಾರು ಮಾರುವ ಮಾತನ್ನು ನಾನು ಮತ್ತೆ ಎತ್ತಲಿಲ್ಲ.

ಎರಡು ವಾರ ಕಳೆದು, ಒಂದು ಶನಿವಾರ ಬೆಳಿಗ್ಗೆ ನಮಿತಾ ಅಡುಗೆಮನೆಗೆ ಬಂದು, "ಇವತ್ತು ಫಸ್ಟ್ ಸ್ಟಾರ್ಟ್. ಇಬ್ಬರು ಬೇಕು. ನೀವು ಬರ್ತೀರಾ?" ಎಂದು ಕೇಳಿದಳು. ನೇರ ನನ್ನನ್ನೇ ಕೇಳಿದ್ದಳು. ಕಾಫಿ ಅರ್ಧಕ್ಕೇ ಬಿಟ್ಟು ಎದ್ದೆ.

ಕಾರನ್ನು ಗರಾಜಿನಿಂದ ಹೊರಗೆ ತಳ್ಳಿದೆವು. ಅವಳು ನನಗೆ ನಿಧಾನವಾಗಿ ತಿಳಿಸಿ ಹೇಳಿದಳು. ಹೊಸ ಕ್ಯಾಮಿಗೆ ಮೊದಲ ಇಪ್ಪತ್ತು ನಿಮಿಷವೇ ಗಂಡಾಂತರ. ಹತ್ತಿದ ಕೂಡಲೇ ಎಂಜಿನ್ನನ್ನು ನಿಮಿಷಕ್ಕೆ ಎರಡು ಸಾವಿರ ಸುತ್ತಿನ ಮೇಲೆ ಹಿಡಿದಿಟ್ಟಿರಬೇಕು. ಆಗ ಎಣ್ಣೆ ಚಿಮ್ಮಿ ಉಬ್ಬುಗಳ ಮೇಲೆ ಬೀಳುತ್ತದೆ, ಉಕ್ಕು ಉಕ್ಕಿಗೆ ಹೊಂದಿಕೊಳ್ಳುತ್ತದೆ. ನಡುವೆ ನಿಂತರೆ, ನಿಧಾನವಾದರೆ, ಉಬ್ಬು ಸವೆದು ಹೋಗುತ್ತದೆ. ಅಷ್ಟೂ ದಿನದ ಕೆಲಸ ಮಣ್ಣುಪಾಲು. ನಾನು ಸೀಟಿನಲ್ಲಿ ಕೂತು ಆಕ್ಸಿಲರೇಟರ್ ಹಿಡಿಯಬೇಕು. ಅವಳು ಬಾನೆಟ್ಟಿನ ಕೆಳಗೆ ಟಾರ್ಚ್ ಹಿಡಿದು ಎಲ್ಲಿ ಏನು ಸೋರುತ್ತದೆ ಎಂದು ನೋಡಬೇಕು. ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಪಿನ್ನು ತೆಗೆದು ಕಾಲ ಬಳಿ ಇಟ್ಟುಕೊಂಡಿದ್ದಳು.

"ನಾನು ಆಫ್ ಅಂದ್ರೆ ಮಾತ್ರ ಆಫ್. ನೀವಾಗಿ ಆಫ್ ಮಾಡಬೇಡಿ."

ಕೀಲಿ ತಿರುಗಿಸಿದೆ. ಎಂಜಿನ್ನು ಒಂದೇ ಏಟಿಗೆ ಹತ್ತಿಕೊಂಡಿತು. ಆ ಸದ್ದಿಗೆ ಎದುರುಮನೆಯ ನಾಯಿ ಬೊಗಳತೊಡಗಿತು. ಸುತ್ತು ತೋರಿಸುವ ಮೀಟರಿನ ಮುಳ್ಳನ್ನು ಎರಡು ಸಾವಿರದ ಮೇಲೆ ನಿಲ್ಲಿಸಿ ಹಿಡಿದೆ. ಬಾನೆಟ್ಟಿನ ಸಂದಿನಲ್ಲಿ ಅವಳ ಕಣ್ಣು, ಹಣೆಯ ಕರವಸ್ತ್ರ ಇಷ್ಟೇ ಕಾಣುತ್ತಿತ್ತು. ಒಂದು ನಿಮಿಷ, ಎರಡು, ಮೂರು. ಮುಳ್ಳು ಅಲ್ಲಾಡಲಿಲ್ಲ. ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಐದು ನಿಮಿಷ ಆಗಿರಬೇಕು, ಅವಳು ತಟ್ಟನೆ ಬಗ್ಗಿ ಏನನ್ನೋ ನೋಡಿದಳು. ಮರುಗಳಿಗೆಯಲ್ಲಿ ಎರಡೂ ಕೈ ಬೀಸಿ ಕಿರುಚಿದಳು.

"ಆಫ್! ಅಪ್ಪಾ, ಆಫ್!"

ತಿರುಗಿಸಿದೆ. ಆ ಹಠಾತ್ ಮೌನದಲ್ಲಿ ಭುಸ್ ಎಂದು ಒಂದು ಸಣ್ಣ ಸದ್ದು. ಬಾನೆಟ್ಟಿನ ಕೆಳಗಿನಿಂದ ಹಳದಿ ನಾಲಿಗೆ ಎದ್ದಿತು. ಕಾರ್ಬ್ಯುರೇಟರಿಗೆ ಹೋಗುವ ಪೆಟ್ರೋಲ್ ಕೊಳವೆಯ ಕೀಲು ಜಿನುಗಿ, ಕಾದ ಎಕ್ಸಾಸ್ಟ್ ಕೊಳವೆಯ ಮೇಲೆ ಬಿದ್ದಿತ್ತು. ನಾನು ಬಾಗಿಲು ತೆರೆದು ಹೊರಗೆ ಬೀಳುವಷ್ಟರಲ್ಲಿ ಅವಳು ಸಿಲಿಂಡರ್ ಎತ್ತಿ ಬೆಂಕಿಯ ಬುಡಕ್ಕೆ ಹೊಡೆಯುತ್ತಿದ್ದಳು. ಹಿಂದೆ ಹೆಜ್ಜೆ ಇಡಲಿಲ್ಲ, ಒಮ್ಮೆಯೂ ಅತ್ತಿತ್ತ ನೋಡಲಿಲ್ಲ. ಬಿಳಿ ಪುಡಿ ಮೋಡದ ಹಾಗೆ ಎದ್ದು ಎಲ್ಲರ ಮೇಲೂ ಇಳಿಯಿತು. ಬೆಂಕಿ ಆರಿತ್ತು.

ಶಾರದೆ ಹೊಸಿಲಲ್ಲಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ನಾನು ನಮಿತಾಳ ಕೈಗಳನ್ನು ಹಿಡಿದು ತಿರುಗಿಸಿ ಮುರುಗಿಸಿ ನೋಡಿದೆ. ಸುಟ್ಟಿರಲಿಲ್ಲ.

"ಕ್ಯಾಮ್ ಹೋಯಿತಲ್ಲ ಮಗಾ" ಎಂದೆ. ಯಾಕೆ ಅದೇ ಮಾತು ಬಂತೋ ತಿಳಿಯದು.

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಇಟ್ಸ್ ಜಸ್ಟ್ ಅ ಕ್ಯಾಮ್, ಅಪ್ಪಾ. ನೀವು ಒಳಗೆ ಕೂತಿದ್ರಿ."

ಮರುದಿನ ಮೇಲಿನ ಮುಚ್ಚಳ ತೆಗೆದು ಕೈಯಿಂದ ಎಂಜಿನ್ನು ತಿರುಗಿಸಿ ನೋಡಿದಳು. ಹದಿನಾರರಲ್ಲಿ ಹದಿನೈದು ವಾಲ್ವುಗಳು ಎದ್ದು ಇಳಿದವು. ಒಂದು ಇದ್ದಲ್ಲೇ ಮಿಸುಕಿತು, ಅಷ್ಟೆ. ಆ ಉಬ್ಬು ಸವೆದು ದುಂಡಗಾಗಿತ್ತು. ಉಕ್ಕಿನ ಪುಡಿ ಎಣ್ಣೆಯೊಂದಿಗೆ ಎಲ್ಲ ಕಡೆ ಹರಿದಿರುತ್ತದೆ, ಮತ್ತೆ ಪೂರ್ತಿ ಬಿಚ್ಚಬೇಕು. ಕಾಲೇಜಿಗೆ ಉಳಿದಿದ್ದದ್ದು ಒಂದು ತಿಂಗಳು. ಅವಳು ಗೊಣಗಲಿಲ್ಲ. ಸ್ಪ್ಯಾನರ್ ಎತ್ತಿಕೊಂಡು ಮೊದಲ ಬೋಲ್ಟಿನಿಂದ ಶುರು ಮಾಡಿದಳು. ಆ ಸಂಜೆ ಕ್ಯಾಟಲಾಗನ್ನು ನಾನೇ ಒಯ್ದು ಅವಳ ಪಕ್ಕದಲ್ಲಿಟ್ಟೆ.

"ಈ ಸಲ ನೀನೇ ಆರಿಸು."

"ನಿಜವಾಗ್ಲೂ?"

"ನಿಜವಾಗಿಯೂ."

ಹೇಳಿಬಿಟ್ಟೆ, ಆದರೆ ಮುಂದಿನ ಮೂರು ದಿನ ನನಗೆ ಊಟ ರುಚಿಸಲಿಲ್ಲ. ಆ ಪೆನ್ಸಿಲ್ ಸುತ್ತಿನ ಪುಟವೇ ಕಣ್ಣೆದುರು ಬರುತ್ತಿತ್ತು. ಅವಳು ಮೇಷ್ಟ್ರಿಗೆ ಫೋನ್ ಮಾಡಿದಳು, ಕ್ಯಾಮ್ ಮಾಡುವ ಕಂಪನಿಗೂ ಫೋನ್ ಮಾಡಿದಳು. ಕಾರಿನ ತೂಕ, ಹಿಂದಿನ ಚಕ್ರಗಳ ಗಿಯರಿನ ಹಲ್ಲುಗಳ ಲೆಕ್ಕ ಏನೇನೋ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು. ಒಂದು ಮಧ್ಯಾಹ್ನ ಬಾಳೆಹಣ್ಣು ಸುಲಿಯುತ್ತಾ ಬಂದು ಎದುರಿಗೆ ಕೂತಳು.

"ನಾನು ಮೊದ್ಲು ಆರಿಸಿದ್ದು ಸಿಗ್ನಲ್‌ನಲ್ಲಿ ನಿಂತಾಗ ಜನ ತಿರುಗಿ ನೋಡ್ಲಿ ಅಂತ. ನೀವು ಆರಿಸಿದ್ದು ಕಾರು ಮನೆಯಿಂದ ಹೊರಗೇ ಹೋಗ್ಬಾರ್ದು ಅಂತ." ಬೆರಳು ಬೇರೊಂದು ಸಾಲಿನ ಮೇಲೆ ಇತ್ತು. ನಾವಿಬ್ಬರೂ ಆವರೆಗೆ ಗಮನಿಸದ ಸಾಲು. "ನಾನು ಓಡ್ಸೋದು ಫ್ರೀವೇನಲ್ಲಿ. ಬೆಟ್ಟ ಹತ್ತಬೇಕು, ಟ್ರಾಫಿಕ್‌ನಲ್ಲಿ ನಿಲ್ಬೇಕು, ಹೊಗೆ ಚೆಕ್ ಮಾಡೋ ಸ್ಮಾಗ್ ಟೆಸ್ಟ್ ಪಾಸ್ ಆಗ್ಬೇಕು. ಇದಕ್ಕೆ ಬ್ರೇಕಿಗೆ ಬೇಕಾದಷ್ಟು ವ್ಯಾಕ್ಯೂಮ್ ಇರತ್ತೆ, ಕೇಳಿದೀನಿ."

"ಸರಿ ಅನಿಸುತ್ತದೆ" ಎಂದೆ.

"ನಾನು ಕೇಳ್ತಾ ಇಲ್ಲ. ಹೇಳ್ತಾ ಇದೀನಿ."

ಶಾರದೆ ಒಲೆಯ ಕಡೆ ತಿರುಗಿಕೊಂಡು ನಕ್ಕದ್ದು ನನಗೆ ಗೊತ್ತಾಯಿತು.

ಎರಡನೆಯ ಸಲ ಸೀಟಿನಲ್ಲಿ ಕೂತಾಗ ಮೊದಲ ಸಲಕ್ಕಿಂತ ಹೆಚ್ಚು ಹೆದರಿಕೆಯಿತ್ತು. ಪೆಟ್ರೋಲ್ ಕೊಳವೆಯ ಪ್ರತಿ ಕೀಲನ್ನೂ ಅವಳು ನನ್ನ ಕೈಯಿಂದ ಮುಟ್ಟಿಸಿ ತೋರಿಸಿದ್ದಳು. ಮುಳ್ಳು ಎರಡು ಸಾವಿರದ ಮೇಲೆ ನಿಂತಿತು. ಐದು ನಿಮಿಷ ಕಳೆಯಿತು. ಹತ್ತು ಕಳೆಯಿತು. ನನ್ನ ಕಾಲು ಜೋಮು ಹಿಡಿಯಿತು, ತೆಗೆಯಲಿಲ್ಲ. ಶಾರದೆ ತೋಟದ ನೀರಿನ ಪೈಪು ಹಿಡಿದು, ನಲ್ಲಿ ತಿರುಗಿಸಿಯೇ, ಹುಲ್ಲಿನ ಮೇಲೆ ನಿಂತಿದ್ದಳು. ಹುಲ್ಲು ಕೆಸರಾಗಿ ಹೋಯಿತು. ಕೊನೆಗೆ ನಮಿತಾ ಬಾನೆಟ್ಟಿನ ಹಿಂದಿನಿಂದ ಹೊರಬಂದು, ಒಂದು ಕೈಯನ್ನು ಮೆಲ್ಲಗೆ ಕೆಳಗೆ ಇಳಿಸಿ ತೋರಿಸಿದಳು. ಕಾಲು ಸಡಿಲ ಮಾಡಿದೆ. ಎಂಜಿನ್ನು ಇಳಿದು ಇಳಿದು, ಒಂದಿಷ್ಟೇ ತಾಳ ತಪ್ಪಿದ ಗುಡುಗಿಗೆ ಬಂದು ನೆಲೆಸಿತು. ಅವಳು ತಲೆಯ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡಳು. ಮಸಿ ಇನ್ನಷ್ಟು ಹರಡಿತು.

ಮೊದಲ ಸವಾರಿಗೆ ನಾನು ಪಕ್ಕದ ಸೀಟಿನಲ್ಲಿ ಕೂತೆ. ಬೆಟ್ಟವನ್ನು ಅರ್ಧದವರೆಗೆ ಹತ್ತಿ ತಿರುಗಿಸಿಕೊಂಡು ಬಂದಳು. ಮರಳುವಾಗ ಇಳಿಜಾರು. ಎರಡೂ ಬದಿಗೆ ಒಣಹುಲ್ಲು, ದೂರದಲ್ಲಿ ಪಶ್ಚಿಮದ ಬೆಟ್ಟದ ಮೇಲಿಂದ ಮಂಜು ಇಣುಕುತ್ತಿತ್ತು. ಕಿಟಕಿ ಗಾಜು ಇಳಿಸಿದ್ದಳು. ತಿರುವಿನಾಚೆ ಒಬ್ಬ ಮುದುಕ ಸೈಕಲ್ ತಳ್ಳಿಕೊಂಡು ರಸ್ತೆಯ ನಡುವೆ ಬಂದಿದ್ದ. ಅವಳು ಬ್ರೇಕ್ ಒತ್ತಿದಳು. ಅಷ್ಟು ಭಾರದ ಗಾಡಿ ಮೂತಿ ತಗ್ಗಿಸಿ, ಆತನಿಂದ ಇನ್ನೂ ಸಾಕಷ್ಟು ದೂರದಲ್ಲೇ ನಿಂತುಕೊಂಡಿತು. ಮುದುಕ ಕೈಯೆತ್ತಿ ನಮಸ್ಕಾರದ ಹಾಗೆ ಮಾಡಿ ದಾಟಿಹೋದ. ಅವಳು ಅವನು ಬದಿ ಸೇರುವವರೆಗೆ ಕಾದು, ಮತ್ತೆ ನಿಧಾನಕ್ಕೆ ಹೊರಟಳು.

ಸ್ವಲ್ಪ ದೂರ ಹೋದ ಮೇಲೆ ನನ್ನ ಕಾಲಿನ ಕಡೆ ನೋಡಿದಳು. ನನ್ನ ಬಲಗಾಲು ಕಾರಿನ ನೆಲವನ್ನು ಬಲವಾಗಿ ಒತ್ತಿಕೊಂಡಿತ್ತು.

"ಅಪ್ಪಾ, ಆ ಕಡೆ ಬ್ರೇಕ್ ಇಲ್ಲ."

"ಗೊತ್ತುಂಟು" ಎಂದೆ. ಕಾಲು ತೆಗೆಯಲಿಲ್ಲ.